ಪ್ರಾರ್ಥನೆಯ ಪುಸ್ತಕದಿಂದ ಹನ್ನೊಂದು ಹೆಸರು

ನೋರೀನ್ ಟ್ಯಾಕೆಟ್ ಒಂದೇ ಕಟ್ಟಡದ ಒಂದೇ ಕಿಟಕಿಯ ಪಕ್ಕ ಇಪ್ಪತ್ತು ವರ್ಷ ಕೂತು ಎರಡು ಸರಕು ಮಾರಿದವಳು. ಮೊದಲ ಹದಿನಾಲ್ಕು ವರ್ಷ ಕಾರ್ಪೆಟ್ಟು. ಆಮೇಲಿನ ಆರು ವರ್ಷ ಓದು.

ಕಾರ್ಪೆಟ್ ಅಂಗಡಿ ಮುಚ್ಚಿ, ಆ ಉದ್ದನೆಯ ತಗಡಿನ ಕಟ್ಟಡಕ್ಕೆ ನೀಲಿ ಬಣ್ಣ ಬಳಿದು ಕಾಲೇಜಿನ ಬೋರ್ಡು ಹಾಕಿದ ಮೇಲೂ ಕೆಂಟಕಿಯ ಆ ಗುಡ್ಡದ ಸಂದಿಯ ಊರಿನವರು ಅದನ್ನು ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದರು. "ಮಗಳು ಎಲ್ಲಿ ಓದ್ತಿದಾಳೆ?" ಎಂದರೆ "ಕಾರ್ಪೆಟ್ ಅಂಗಡೀಲಿ" ಎಂಬ ಉತ್ತರ ಬರುತ್ತಿತ್ತು. ಹೇಳುವವರೂ ನಗುತ್ತಿರಲಿಲ್ಲ, ಕೇಳುವವರೂ ನಗುತ್ತಿರಲಿಲ್ಲ.

ನೋರೀನ್ ಕಾರ್ಪೆಟ್ ಮಾರುತ್ತಿದ್ದಾಗ ಮನೆಮನೆಗೆ ಹೋಗಿ ಕೋಣೆ ಅಳೆಯುತ್ತಿದ್ದಳು. ಅಗತ್ಯಕ್ಕಿಂತ ಒಂದು ಗಜ ಹೆಚ್ಚು ಮಾರಿದವಳಲ್ಲ. ಅವಳು ಚಿಕ್ಕಂದಿನಿಂದ ಹೋಗುತ್ತಿದ್ದ ಹಳ್ಳದ ದಂಡೆಯ ಪುಟ್ಟ ಚರ್ಚಿನ ನಡುದಾರಿಗೆ ಹಾಸಿದ ಕೆಂಪು ಕಾರ್ಪೆಟ್ಟೂ ಅವಳೇ ಕೊಡಿಸಿದ್ದು. ಒಂದು ಮಳೆಗಾಲ ತೇವ ಹಿಡಿದು, ಬೋಧಕರು ನಿಲ್ಲುವ ಜಾಗದ ಹತ್ತಿರ ಅದು ಒಂದು ಇಂಚು ಉಬ್ಬಿತ್ತು. ಯಾರೂ ದೂರಿರಲಿಲ್ಲ. ಆದರೂ ಶನಿವಾರ ತಾನೇ ಸುತ್ತಿಗೆ ತಂದು, ಮಂಡಿಯೂರಿ ಕೂತು, ಎಳೆದು ಬಿಗಿದು ಮೊಳೆ ಹೊಡೆದು ಹೋಗಿದ್ದಳು. ಹತ್ತು ವರ್ಷದ ಗ್ಯಾರಂಟಿ ಎಂದು ಬರೆದುಕೊಟ್ಟ ಮೇಲೆ ಮತ್ತೇನು ಮಾಡಬೇಕು ಎಂಬುದು ಅವಳ ಲೆಕ್ಕ.

ಅಂಗಡಿ ಮುಚ್ಚಿದಾಗ ಅವಳಿಗೆ ಐವತ್ತರ ಹತ್ತಿರ. ಗಂಡ ಡೆಲ್ಮರ್ ಗಣಿಯಲ್ಲಿ ಬೆನ್ನು ಮುರಿದುಕೊಂಡು ಮನೆಯಲ್ಲಿದ್ದ. ಅದರ ಮೇಲೆ ಸಕ್ಕರೆ ಕಾಯಿಲೆ. ಅವನ ಇನ್ಸುಲಿನ್‌ಗೆ ವಿಮೆ ಬೇಕು, ವಿಮೆಗೆ ಅವಳ ನೌಕರಿ ಬೇಕು. ಹೊಸದಾಗಿ ಬಂದ ಕಾಲೇಜಿನವರು ವಿಮೆ ಕೊಡುತ್ತೇವೆಂದಾಗ ಅವಳು ದೇವರಿಗೆ ಕೃತಜ್ಞತೆ ಹೇಳಿ, ಅದೇ ಕಿಟಕಿಯ ಪಕ್ಕ, ಹೊಸ ಮೇಜಿನ ಮುಂದೆ ಕೂತಳು. ಅವಳ ಕೆಲಸಕ್ಕೆ ದಾಖಲಾತಿ ಸಲಹೆಗಾರ್ತಿ ಎಂದು ಹೆಸರು. ಮಾಡಬೇಕಾದದ್ದು ಫೋನು.

ಕಾಲೇಜಿನ ಮುಖ್ಯಸ್ಥ ಟ್ರೆವರ್ ಲಿಂಡೆಲ್ ನಗರದಿಂದ ಬಂದ ಮೂವತ್ತೆರಡರ ಹುಡುಗ. ಮೊದಲ ವಾರವೇ ಎಲ್ಲರನ್ನೂ ಕೂರಿಸಿ ಕಲಿಸಿದ.

"ನೋಡಿ, ಕೋರ್ಸಿನ ಬಗ್ಗೆ ಮೊದಲೇ ಮಾತಾಡಬೇಡಿ. ಎಲ್ಲಿ ನೋಯ್ತಾ ಇದೆ ಅಂತ ಕೇಳಿ. ಕೆಲಸವಾ, ಮಕ್ಕಳಾ, ಗಂಡನಾ? ನೋವು ಸಿಕ್ಕಿದ ಮೇಲೆ ಸುಮ್ಮನಿರಿ. ಅವರೇ ಮಾತಾಡ್ಲಿ. ಅಳು ಬಂದ್ರೆ ಇನ್ನೂ ಒಳ್ಳೇದು. ಆಮೇಲೆ ಕೋರ್ಸು."

ಸುಮ್ಮನಿದ್ದು ಕೇಳುವುದು ನೋರೀನ್‌ಗೆ ಯಾರೂ ಕಲಿಸಬೇಕಾದ ವಿದ್ಯೆ ಅಲ್ಲ. ಅವಳು ಹುಟ್ಟಿದ್ದೇ ಹಾಗೆ. ಯಾರು ಎಷ್ಟು ಜನರನ್ನು ಸೇರಿಸಿದರೆಂದು ಗೋಡೆಗೆ ಹಾಕುತ್ತಿದ್ದ ಪಟ್ಟಿಯಲ್ಲಿ ಆರು ತಿಂಗಳಲ್ಲಿ ಅವಳ ಹೆಸರು ಎಲ್ಲರಿಗಿಂತ ಮೇಲೆ ಹೋಯಿತು. ಲಿಂಡೆಲ್ ಅವಳ ಮೇಜಿನ ಮೇಲೆ ಒಂದು ಗಿಡದ ಕುಂಡ ಇಟ್ಟ.

ಆಮೇಲೆ ಫೋನು ನಂಬರುಗಳು ಬತ್ತಿದವು. ಸಣ್ಣ ಊರು, ಹುಡುಕಿದರೂ ಎಷ್ಟು ಜನ ಇದ್ದಾರು? ಪಟ್ಟಿಯಲ್ಲಿ ಅವಳ ಹೆಸರು ಇಳಿಯತೊಡಗಿತು. ಕುಂಡ ಬೇರೆಯವರ ಮೇಜಿಗೆ ಹೋಯಿತು. ಎರಡು ತಿಂಗಳು ಕೆಳಗಿದ್ದವರನ್ನು ಕಳಿಸಿಬಿಡುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು.

ಚರ್ಚಿನಲ್ಲಿ ಪ್ರತಿ ಬುಧವಾರ ಸಂಜೆ ಪ್ರಾರ್ಥನೆ ಕೂಟ. ಒಬ್ಬೊಬ್ಬರೇ ಎದ್ದು ನಿಂತು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ, ಮಿಕ್ಕವರು ಅದನ್ನು ವಾರವಿಡೀ ತಮ್ಮ ಪ್ರಾರ್ಥನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಯಾರೂ ಮರೆಯಬಾರದೆಂದು ಒಬ್ಬರು ಬರೆದಿಡಬೇಕು. ಕಂದು ರಟ್ಟಿನ ಆ ನೋಟುಪುಸ್ತಕ ಹದಿನೆಂಟು ವರ್ಷದಿಂದ ನೋರೀನ್ ಕೈಯಲ್ಲಿತ್ತು. ಅವಳ ಅಕ್ಷರ ದುಂಡಗೆ, ಮನಸ್ಸು ಗುಟ್ಟು ಬಿಡದ್ದು ಎಂದು ಎಲ್ಲರೂ ಸೇರಿ ಒಪ್ಪಿಸಿದ್ದ ಕೆಲಸ.

ಒಂದು ಗುರುವಾರ ಬೆಳಿಗ್ಗೆ ಕನ್ನಡಕ ಹುಡುಕಲು ಕೈಚೀಲ ಬಿಚ್ಚಿದಾಗ ಆ ಪುಸ್ತಕ ಮೇಜಿನ ಮೇಲೆ ಬಿತ್ತು. ಹಿಂದಿನ ಸಂಜೆಯ ಪುಟ ತೆರೆದಿತ್ತು. ಡ್ರೆಮಾ ಸ್ಟಂಬೋ: ವೃದ್ಧಾಶ್ರಮದ ಬಟ್ಟೆ ಒಗೆಯುವ ಕೆಲಸದಿಂದ ಬಿಡುಗಡೆ ಬೇಕು, ಮಂಡಿ ಹೋಗಿದೆ, ದೇವರು ದಾರಿ ತೋರಿಸಲಿ.

ನೋವು ಎಲ್ಲಿದೆ ಎಂದು ಹುಡುಕುವ ಅಗತ್ಯವೇ ಇರಲಿಲ್ಲ. ಅವಳದೇ ದುಂಡು ಅಕ್ಷರದಲ್ಲಿ ಬರೆದಿತ್ತು.

ಡ್ರೆಮಾ ಅವಳ ಬಾಲ್ಯದ ಗೆಳತಿ. ಒಂದೇ ಹಳ್ಳದಲ್ಲಿ ಒಂದೇ ದಿನ ದೀಕ್ಷಾಸ್ನಾನ ಪಡೆದವರು. ನೋರೀನ್ ಫೋನು ಎತ್ತಿ ಕೋರ್ಸಿನ ಮಾತು ತೆಗೆದಳು.

"ನೋರೀನ್," ಎಂದಳು ಡ್ರೆಮಾ, "ನಿನ್ನೆ ರಾತ್ರಿ ಮಲಗೋ ಮುಂಚೆ ಇದನ್ನೇ ಕಣೇ ಬೇಡ್ಕೊಂಡಿದ್ದು. ಬೆಳಗಾಗೋದ್ರಲ್ಲಿ ನಿನ್ನ ಫೋನು. ದೇವರು ಕೇಳಿಸ್ಕೊಂಡ. ಬೇರೆ ಯಾರಾದ್ರೂ ಫೋನು ಮಾಡಿದ್ರೆ ನಂಬ್ತಾ ಇರ್ಲಿಲ್ಲ."

ಅದು ಹಾಗಲ್ಲ ಎನ್ನಲು ನೋರೀನ್‌ಗೆ ಒಂದು ಉಸಿರಿನಷ್ಟು ಸಮಯ ಇತ್ತು. ಅವಳು ಸುಮ್ಮನಿದ್ದಳು. ಸುಮ್ಮನಿರುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ವರ್ಷ ತಿರುಗುವುದರೊಳಗೆ ಆ ಪುಸ್ತಕದಿಂದ ಹನ್ನೊಂದು ಜನ ಕಾಲೇಜು ಸೇರಿದರು. ಕುಂಡ ವಾಪಸು ಬಂತು.

ಡ್ರೆಮಾ ಸೇರಿದ್ದು ವೈದ್ಯಕೀಯ ಸಹಾಯಕಿಯ ಕೋರ್ಸಿಗೆ. ಇಪ್ಪತ್ತೆರಡು ಜನಕ್ಕೆ ರಕ್ತದೊತ್ತಡ ನೋಡುವ ಯಂತ್ರ ಒಂದೇ. ರಕ್ತ ತೆಗೆಯುವುದನ್ನು ಕಲಿಯಲು ಒಂದು ರಬ್ಬರಿನ ತೋಳು; ಅದಕ್ಕೆ ಎಷ್ಟು ಜನ ಸೂಜಿ ಚುಚ್ಚಿದ್ದರೆಂದರೆ ಬಣ್ಣದ ನೀರು ತುಂಬಿದ ಕೂಡಲೇ ಎಲ್ಲ ಕಡೆಯಿಂದಲೂ ಒಸರುತ್ತಿತ್ತು. "ಪಾಪ, ಆ ಕೈಗೆ ಮೊದಲು ಡಾಕ್ಟರು ಬೇಕು" ಎಂದು ಡ್ರೆಮಾ ಚರ್ಚಿನಲ್ಲಿ ನಗಿಸುತ್ತಿದ್ದಳು. ನಡುವೆ ಕಲಿಸುವಾಕೆ ಬಿಟ್ಟುಹೋದಳು. ಅವಳ ಬದಲು ಟೀವಿಯಲ್ಲಿ ಪಾಠ ಓಡಿಸಿದರು. ಆದರೂ ಡ್ರೆಮಾ ಒಗೆತದ ಕೆಲಸ ಮುಗಿಸಿ ಬಂದು, ಊದಿದ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು, ಮೂಳೆಗಳ ಹೆಸರು ಬಾಯಿಪಾಠ ಮಾಡಿದಳು. ಪಾಸಾದಾಗ ಕೊಟ್ಟ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು.

ಜಿಲ್ಲೆಯ ಆಸ್ಪತ್ರೆಯಲ್ಲಿ ಕೌಂಟರಿನ ಹೆಂಗಸು ಆ ಕಾಗದವನ್ನು ತಿರುಗಿಸಿ ಹಿಂದೆ ನೋಡಿ, "ಇಲ್ಲಿಂದ ಬಂದವರನ್ನ ನಾವು ತಗೊಳ್ಳಲ್ಲಮ್ಮ" ಎಂದು ಹಿಂದಿರುಗಿಸಿದಳು. ಅವರು ಒಪ್ಪುವ ಪರೀಕ್ಷೆಗೆ ಕೂರಬೇಕಾದರೆ ಓದಿದ ಕಾಲೇಜಿಗೆ ಒಂದು ಮಾನ್ಯತೆ ಬೇಕಿತ್ತು. ಕಾರ್ಪೆಟ್ ಅಂಗಡಿಗೆ ಇದ್ದದ್ದು ಬೇರೆ ಮಾನ್ಯತೆ: ಸರ್ಕಾರದ ಸಾಲ ತರಲು ಸಾಕಾಗುವಂಥದ್ದು, ಕೆಲಸ ತರಲು ಸಾಲದ್ದು. ಮನೆಯೊಂದರ ಬೆಲೆಯ ಅರ್ಧದಷ್ಟು ಸಾಲ ಡ್ರೆಮಾಳ ಹೆಸರಿಗೆ ಬಿದ್ದಿತ್ತು.

ನೋರೀನ್ ಅವತ್ತು ಲಿಂಡೆಲ್‌ನ ಕೋಣೆಗೆ ಹೋದಳು.

"ಕೆಲಸ ಸಿಗುತ್ತೆ ಅಂತ ಹೇಳಿದ್ರಾ ನೀವು?" ಎಂದು ಅವನು ಮೆಲ್ಲಗೆ ಕೇಳಿದ.

"ನೀವೇ ತಾನೆ..."

"ನಾವು ಯಾವತ್ತೂ ಹಾಗೆ ಹೇಳಲ್ಲ, ನೋರೀನ್ ಅವರೇ. ಕೆಲಸಕ್ಕೆ ಸಿದ್ಧ ಮಾಡ್ತೀವಿ ಅಂತೀವಿ. ನಿಮ್ಮ ಫೋನೆಲ್ಲ ರೆಕಾರ್ಡ್ ಆಗಿರುತ್ತೆ, ನೋಡ್ಕೊಳ್ಳಿ. ಮತ್ತೆ ಕೆಲಸದ ಖಾತ್ರಿ ಇಲ್ಲ, ಈ ಕಾಗದ ಎಲ್ಲಾ ಕಡೆ ನಡೆಯಲ್ಲ ಅಂತ ಏಳನೇ ಪುಟದಲ್ಲಿ ಬರ್ದಿದೆ. ಅವರು ಸಹಿ ಹಾಕಿದಾರೆ. ಹಾಕ್ಸಿದ್ದು ಯಾರು?"

ಹಾಕಿಸಿದ್ದು ಅವಳೇ. ಹದಿಮೂರು ಪುಟದ ಕರಾರು. ಪ್ರತಿ ಪುಟದ ಮೂಲೆಯಲ್ಲಿ ಹೆಸರಿನ ಮೊದಲಕ್ಷರ ಬರೆಯಬೇಕು. ಓದಿ ಕೂರುವಷ್ಟು ಬಿಡುವು ಕೊಡಬಾರದೆಂದು ಹೇಳಿಕೊಟ್ಟಿದ್ದರಿಂದ, ಗೆಳತಿಯ ಮುಂದೆ ಬೆರಳಿಟ್ಟು "ಇಲ್ಲಿ, ಇಲ್ಲಿ, ಇಲ್ಲಿ" ಎನ್ನುತ್ತಾ ಹೋಗಿದ್ದಳು. ಏಳನೆಯ ಪುಟದಲ್ಲೂ ಅವಳ ಬೆರಳು ಎಲ್ಲ ಪುಟದಲ್ಲಿ ನಿಂತಷ್ಟೇ ಹೊತ್ತು ನಿಂತಿತ್ತು.

ಬಂದು ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಡ್ರೆಮಾ ಬೈಯಲಿಲ್ಲ. ಬಟ್ಟೆ ಒಗೆಯುವ ಕೆಲಸಕ್ಕೆ ಮರಳಿ ಹೋಗಿ, ಬುಧವಾರದ ಕೂಟದಲ್ಲಿ ಎದ್ದು ನಿಂತು, "ದೇವರು ಬಾಗಿಲು ತೆಗೆದಿದ್ದ. ನನ್ನ ತಲೆಗೇ ಹತ್ಲಿಲ್ಲ. ವಯಸ್ಸಾಯ್ತಲ್ಲ, ನನ್ನನ್ನ ನೋಡಿದ ಕೂಡ್ಲೆ ಅವ್ರಿಗೆ ಗೊತ್ತಾಗೋಯ್ತು" ಎಂದಳು. ನೋರೀನ್ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು.

ಹಾಗೆ ಎರಡು ವರ್ಷ. ಡೆಲ್ಮರ್‌ನ ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲಿ ಸಾಲಾಗಿ ಇರುತ್ತಿತ್ತು. ಹಾಲು ತೆಗೆಯಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಸುಮ್ಮನಿರಲು ಅಷ್ಟು ಸಾಕಾಗುತ್ತಿತ್ತು.

ಜೂನ್ ತಿಂಗಳ ಮೊದಲ ಭಾನುವಾರ ಆ ಚರ್ಚಿನಲ್ಲಿ ಪಾದ ತೊಳೆಯುವ ದಿನ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಸೊಂಟಕ್ಕೆ ಉದ್ದನೆಯ ಟವೆಲ್ ಕಟ್ಟಿಕೊಂಡು, ಬೋಗುಣಿಯಲ್ಲಿ ಬಿಸಿನೀರು ತಂದು, ಒಬ್ಬರು ಇನ್ನೊಬ್ಬರ ಪಾದ ತೊಳೆದು ಒರೆಸುತ್ತಾರೆ; ಆಮೇಲೆ ಅದೇ ಟವೆಲ್ ಬಿಚ್ಚಿ ಅವರಿಗೆ ಕಟ್ಟಿ ತಾವು ಕೂರುತ್ತಾರೆ. ಡ್ರೆಮಾ ಮತ್ತು ನೋರೀನ್ ಮೂವತ್ತು ವರ್ಷದಿಂದ ಜೋಡಿ. ಒಂದೇ ಕಟ್ಟಳೆ: ಇನ್ನೊಬ್ಬರ ಮೇಲೆ ನಿಮ್ಮ ಮನಸ್ಸಿನಲ್ಲಿ ಏನಾದರೂ ಇದ್ದರೆ, ಅಥವಾ ಇನ್ನೊಬ್ಬರ ಲೆಕ್ಕದಲ್ಲಿ ನಿಮ್ಮದೇನಾದರೂ ತಪ್ಪಿದ್ದರೆ, ಟವೆಲ್ ಮುಟ್ಟುವ ಮುಂಚೆ ಸರಿಮಾಡಿಕೊಳ್ಳಬೇಕು. ಕಳೆದ ವರ್ಷ ನೋರೀನ್ ನೆಗಡಿಯ ನೆಪ ಹೇಳಿ ಮನೆಯಲ್ಲೇ ಉಳಿದಿದ್ದಳು.

ಈ ಸಲದ ಭಾನುವಾರಕ್ಕೆ ನಾಲ್ಕು ದಿನ ಮುಂಚೆ, ಬುಧವಾರದ ಕೂಟದಲ್ಲಿ, ಡ್ರೆಮಾ ಎದ್ದು ನಿಂತಳು. ಪಕ್ಕದಲ್ಲಿ ಮಗಳು ಶೆಲ್ಬಿ. ಹತ್ತೊಂಬತ್ತು ವರ್ಷ. ಕೆಲಸ ಮಾಡುವ ದಿನಸಿ ಅಂಗಡಿಯ ನೀಲಿ ಅಂಗಿಯಲ್ಲೇ ಬಂದಿದ್ದಳು.

"ಸೋಮವಾರ ನಮ್ಮ ಶೆಲ್ಬಿ ಕಾಲೇಜಿಗೆ ಸಹಿ ಹಾಕ್ತಾಳೆ. ನಂಗೆ ಆಗ್ದಿದ್ದು ಅವಳಿಗಾಗ್ಲಿ, ಚುರುಕಿನ ತಲೆ ಅವಳದು. ನೋರೀನ್ ಇದಾಳಲ್ಲ, ನೋಡ್ಕೊತಾಳೆ."

ಎಲ್ಲರೂ ಆಮೆನ್ ಎಂದರು. ಶೆಲ್ಬಿ ತಿರುಗಿ ನಕ್ಕಳು. "ನೋರೀನ್ ಆಂಟಿ, ಏನೇನು ತರ್ಬೇಕು?"

"ಏನೂ ಬೇಡ," ಎಂದಳು ನೋರೀನ್. ಆ ಎರಡು ಮಾತನ್ನು ಶೆಲ್ಬಿ ಬೇರೆ ರೀತಿಯಲ್ಲಿ ತೆಗೆದುಕೊಂಡಳು.

ಗುರುವಾರ, ಶುಕ್ರವಾರ, ಶನಿವಾರ. ಫೋನಿನಲ್ಲಿ ಹೇಳಿಬಿಡಬಹುದಿತ್ತು. ಆರು ವರ್ಷದಿಂದ ದಿನವಿಡೀ ಫೋನಿನಲ್ಲಿ ಮಾತಾಡಿದವಳಿಗೆ ಆ ಒಂದು ನಂಬರು ಒತ್ತಲಾಗಲಿಲ್ಲ. ಶನಿವಾರ ಮಧ್ಯಾಹ್ನ ಡೆಲ್ಮರ್‌ಗೆ ಮಾತ್ರ ಹೇಳಿದಳು.

"ನನ್ನ ಔಷಧಿ ಮುಂದಿಟ್ಕೊಂಡು ಸುಮ್ನಿರ್ಬೇಡ ಮಾರಾಯ್ತಿ," ಎಂದ ಅವನು. "ಆ ಭಾರ ನನ್ನ ಬೆನ್ನು ತಡ್ಕೊಳ್ಳಲ್ಲ."

ಭಾನುವಾರ ಹೆಂಗಸರ ಕಡೆಯ ಬೆಂಚಿನಲ್ಲಿ ನೋರೀನ್ ಕೂತಳು. ಚಪ್ಪಲಿ ಬಿಚ್ಚಿರಲಿಲ್ಲ. ಹೊರಗೆ ಮರದ ಕೆಳಗಿನ ಉದ್ದ ಮೇಜಿನ ಮೇಲೆ ಆಗಲೇ ಹುರಿದ ಕೋಳಿ, ಬೇಯಿಸಿದ ಕಾಳು, ಮೆಕ್ಕೆಜೋಳದ ಬ್ರೆಡ್ಡು ಮುಚ್ಚಿಟ್ಟಿದ್ದರು. ಬೋಧಕ ಎಲ್ವುಡ್ ಹಾಡು ಎತ್ತಿದ. ಡ್ರೆಮಾ ಬೋಗುಣಿ ಹಿಡಿದು, ಕುಂಟುತ್ತಾ, ಕೆಂಪು ಕಾರ್ಪೆಟ್ಟಿನ ಮೇಲೆ ನೇರ ಅವಳ ಹತ್ತಿರ ಬಂದಳು.

"ಏನೇ, ಇನ್ನೂ ಚಪ್ಪಲಿ ಹಾಕ್ಕೊಂಡೇ ಕೂತಿದೀಯ? ಹೋದ್ವರ್ಷ ನೆಗಡಿ, ಈ ವರ್ಷ ಕಾಲಿಗೆ ಜ್ವರಾನಾ?"

"ನನ್ನ ಕಾಲು ಮುಟ್ಟಬೇಡ ಡ್ರೆಮಾ."

"ಯಾಕೆ, ಅಷ್ಟು ಗಲೀಜಾಗಿದ್ಯಾ?" ಡ್ರೆಮಾ ನಗುತ್ತಲೇ ಮಂಡಿಯೂರಿದಳು. ಮಂಡಿ ನೆಲ ಮುಟ್ಟಿದಾಗ ಹಲ್ಲು ಕಚ್ಚಿದ್ದು ನೋರೀನ್‌ಗೆ ಕಂಡಿತು.

"ಶೆಲ್ಬಿ ನಾಳೆ ಬರೋದು ಬೇಡ," ಎಂದಳು ನೋರೀನ್. "ಆ ಕಾಗದ ಎಲ್ಲೂ ನಡೆಯಲ್ಲ. ನಿನ್ನ ತಲೆಗೆ ಹತ್ಲಿಲ್ಲ ಅನ್ನೋದು ಸುಳ್ಳು. ನೀನು ಚೆನ್ನಾಗೇ ಓದಿದ್ದೆ. ಕಾಲೇಜಿಗೇ ಯೋಗ್ಯತೆ ಇರ್ಲಿಲ್ಲ. ಏಳನೇ ಪುಟದಲ್ಲಿ ಬರ್ದಿತ್ತು. ನಿನಗೆ ಓದೋಕೆ ಬಿಡ್ಲಿಲ್ಲ ನಾನು."

ಡ್ರೆಮಾಳ ಕೈ ಬೋಗುಣಿಯ ಅಂಚಿನ ಮೇಲೆ ನಿಂತಿತು. "ಯಾವಾಗಿಂದ ಗೊತ್ತು ನಿಂಗೆ?"

"ಆಸ್ಪತ್ರೆಯವ್ರು ವಾಪಸ್ ಕಳಿಸಿದ ದಿನದಿಂದ ಖಂಡಿತ ಗೊತ್ತು. ಅದಕ್ಕೂ ಮುಂಚೆ ಗೊತ್ತಿತ್ತಾ ಅಂದ್ರೆ... ಕೇಳ್ಕೊಳ್ಳೋಕೆ ಹೋಗ್ಲಿಲ್ಲ."

"ಎರಡು ವರ್ಷ."

"ಇನ್ನೊಂದಿದೆ." ನೋರೀನ್ ಕೈಚೀಲದಿಂದ ಕಂದು ರಟ್ಟಿನ ಪುಸ್ತಕ ತೆಗೆದು ಮಡಿಲಲ್ಲಿಟ್ಟಳು. "ಆ ದಿನ ಫೋನು ಮಾಡಿದ್ದು ಇದನ್ನ ನೋಡ್ಕೊಂಡು. ನೀನು ಇಲ್ಲಿ ನಿಂತು ಹೇಳಿದ್ದನ್ನ ಬರ್ಕೊಂಡಿದ್ದೆ. ಮರುದಿನ ಅಲ್ಲಿ ಕೂತು ಮಾರ್ಕೊಂಡೆ."

ಹಾಡು ನಿಂತಿರಲಿಲ್ಲ. ಆದರೆ ಹತ್ತಿರದ ಬೆಂಚುಗಳಲ್ಲಿ ಹಾಡುವವರು ಕಡಿಮೆಯಾಗಿದ್ದರು. ಹಿಂದಿನ ಬೆಂಚಿನಲ್ಲಿದ್ದ ಶೆಲ್ಬಿ ಎದ್ದು ನಿಂತಿದ್ದಳು.

"ಅಂದ್ರೆ ಅದು ದೇವರ ಉತ್ತರ ಅಲ್ಲ," ಎಂದಳು ಡ್ರೆಮಾ ನಿಧಾನವಾಗಿ. "ಅದು ನೀನು."

ನೋರೀನ್ ಹೌದೆಂದು ತಲೆಯಾಡಿಸಿದಳು.

"ಎಷ್ಟು ಜನ ಕಣೇ ಈ ಪುಸ್ತಕದಿಂದ?"

"ನಿನ್ನ ಸೇರಿಸಿ ಹನ್ನೊಂದು."

ಡ್ರೆಮಾ ಬಗ್ಗಿ ಕಾರ್ಪೆಟ್ಟಿನ ಮೇಲೆ ಅಂಗೈ ಇಟ್ಟಳು, ಅದರ ನೂಲು ಸವರುವವಳಂತೆ. "ಇದು ಒಂದಿಂಚು ಎದ್ದಿತ್ತು ಅಂತ ಯಾರೂ ಕರೀದೆ ಸುತ್ತಿಗೆ ಹಿಡ್ಕೊಂಡು ಬಂದೆ ನೀನು. ನಾನು ಎರಡು ವರ್ಷ ಇದೇ ಬೆಂಚಲ್ಲಿ ಕೂತು, ನಾನು ದಡ್ಡಿ, ನಾನು ದಡ್ಡಿ ಅಂತ ಎದ್ದು ನಿಂತು ಹೇಳ್ದೆ. ಕೇಳಿಸ್ಲಿಲ್ವ?"

"ಕೇಳಿಸ್ತು."

"ಬರ್ಕೊಂಡೆ ಬೇರೆ."

"ಬರ್ಕೊಂಡೆ."

ಎದ್ದು ಹೋಗುತ್ತಾಳೆ ಎಂದುಕೊಂಡಳು ನೋರೀನ್. ನೀರನ್ನು ಮುಖಕ್ಕೆ ಎರಚಿದರೂ ಆಗಬಹುದು, ಎರಚಿದರೆ ಒಳ್ಳೆಯದು ಎಂದು ಒಂದು ಗಳಿಗೆ ಆಸೆಪಟ್ಟಳು. ಡ್ರೆಮಾ ಹಾಗೇನೂ ಮಾಡಲಿಲ್ಲ. ನೋರೀನಳ ಚಪ್ಪಲಿಯ ಪಟ್ಟಿ ಬಿಚ್ಚಿದಳು. ಒಂದು ಪಾದವನ್ನು ನೀರಿನಲ್ಲಿಟ್ಟು, ಬೊಗಸೆಯಲ್ಲಿ ಮೂರು ಸಲ ನೀರು ಹೊಯ್ದಳು. ಇನ್ನೊಂದು ಪಾದ. ವೃದ್ಧಾಶ್ರಮದ ಹಾಸು, ದಿಂಬಿನ ಚೀಲ ಒಗೆದು ಒಗೆದು ಬಿರುಕು ಬಿಟ್ಟ ಬೆರಳುಗಳು. ಸೋಪಿನ ಪುಡಿ ಕೊರೆದ ಚರ್ಮ ನೋರೀನಳ ಮೆತ್ತನೆಯ ಹಿಮ್ಮಡಿಗೆ ಒರಟಾಗಿ ತಾಗಿತು. ಟವೆಲಿನ ತುದಿಯಿಂದ ಬೆರಳ ಸಂದಿಗಳನ್ನೂ ಬಿಡದೆ ಒರೆಸಿದಳು. ಪ್ರತಿ ವರ್ಷ ಒರೆಸುವಂತೆಯೇ, ಒಂದಿಷ್ಟೂ ಕಡಿಮೆ ಮಾಡದೆ.

ನೋರೀನ್‌ಗೆ ಅಳಲೂ ನಾಚಿಕೆಯಾಯಿತು. ಅತ್ತರೆ ಯಾರಾದರೂ ಸಮಾಧಾನ ಮಾಡಲು ಬಂದಾರು.

ಆಮೇಲೆ ಡ್ರೆಮಾ ಬೆಂಚು ಹಿಡಿದು ಎದ್ದು, ಟವೆಲ್ ಬಿಚ್ಚಿ, ರೂಢಿಯಂತೆ ಅದನ್ನು ನೋರೀನಳ ಸೊಂಟಕ್ಕೆ ಕಟ್ಟಿದಳು. ನೋರೀನ್ ಮಂಡಿಯೂರಲು ಬಾಗಿದಳು. ಡ್ರೆಮಾ ಕೂರಲಿಲ್ಲ.

"ತೊಳೀಬೇಕು ಅಂತ ದೇವರ ಅಪ್ಪಣೆ ಇದೆ, ತೊಳೆದೆ," ಎಂದಳು. "ನಿನ್ನ ಕೈಯಿಂದ ತೊಳೆಸ್ಕೊಳ್ಳೋಕೆ ನನ್ನಿಂದ ಆಗಲ್ಲ ಕಣೇ. ಇವತ್ತಂತೂ ಆಗಲ್ಲ. ಉಳಿದ ಹತ್ತು ಜನಕ್ಕೆ ಯಾವಾಗ ಹೇಳ್ತೀಯ?"

"ಇವತ್ತೇ."

"ಆ ಪುಸ್ತಕ ಇಲ್ಲಿ ಕೊಡು."

ನೋರೀನ್ ಕೊಟ್ಟಳು. ಡ್ರೆಮಾ ಅದನ್ನು ಶೆಲ್ಬಿಯ ಕೈಗಿಟ್ಟು, ಬರಿಗಾಲಿನಲ್ಲೇ, ತನ್ನ ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ನಡೆದಳು.

ಅವತ್ತು ಮರದ ಕೆಳಗಿನ ಊಟಕ್ಕೆ ನೋರೀನ್ ನಿಲ್ಲಲಿಲ್ಲ. ಪುಸ್ತಕ ಬೇಕಾಗಿರಲಿಲ್ಲ, ಹತ್ತು ಹೆಸರೂ ಬಾಯಿಗೆ ಬರುತ್ತಿದ್ದವು. ಹಿಂದೆ ಕೋಣೆ ಅಳೆಯಲು ಹೋಗುತ್ತಿದ್ದ ಅದೇ ಕಾರಿನಲ್ಲಿ, ಅದೇ ದಾರಿಗಳಲ್ಲಿ, ಬಾಗಿಲಿಂದ ಬಾಗಿಲಿಗೆ ಹೋದಳು. ಚರ್ಚಿನಲ್ಲಿ ನಡೆದದ್ದು ಕೆಲವರಿಗೆ ಆಗಲೇ ಗೊತ್ತಿತ್ತು, ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಒಬ್ಬ ಬಾಗಿಲು ತೆರೆಯಲೇ ಇಲ್ಲ. ಕಿಟಕಿಯ ಪರದೆ ಅಲ್ಲಾಡಿದ್ದನ್ನು ನೋಡಿ, ಆ ಪರದೆಗೇ ಎಲ್ಲ ಹೇಳಿ ಬಂದಳು. ಇನ್ನೊಬ್ಬಳು ಅಂಗಳದಲ್ಲೇ ನಿಲ್ಲಿಸಿ, ಮಕ್ಕಳ ಎದುರಿಗೇ, ಹೇಳಬಾರದ ಮಾತೆಲ್ಲ ಹೇಳಿದಳು. ನೋರೀನ್ ಕೊನೆಯವರೆಗೂ ನಿಂತು ಕೇಳಿಸಿಕೊಂಡಳು. ಅಷ್ಟಾದರೂ ಅವಳಿಗೆ ಬರುತ್ತಿತ್ತು.

ಆದರೆ ಬೈಗುಳಕ್ಕಿಂತ ಬೇರೊಂದು ಮಾತು ಅವಳಿಗೆ ತಡೆಯಲಾಗಲಿಲ್ಲ. ಏಳು ಮನೆಗಳಲ್ಲಿ ಅದೇ ಮಾತು. ರೇವಾ ಎಂಬ ಲಾರಿ ಚಾಲಕನ ಹೆಂಡತಿ, ಲೆಕ್ಕಪತ್ರದ ಕೋರ್ಸು ಓದಿದವಳು, ತಣ್ಣನೆಯ ಟೀ ಗ್ಲಾಸು ಅವಳ ಕೈಗೆ ಕೊಟ್ಟು, ಎಲ್ಲ ಕೇಳಿದ ಮೇಲೆ ಕುರ್ಚಿಯ ತುದಿಯಲ್ಲಿ ಕೂತು ಕೇಳಿದಳು:

"ಹಾಗಾದ್ರೆ ತಪ್ಪು ನಂದಲ್ವಾ ನೋರೀನ್? ನಿಜ ಹೇಳು. ನಮ್ಮನೆಯವ್ರಿಗೆ ಹೇಳ್ಬಹುದಾ ನಾನು?"

"ನಿನ್ನದಲ್ಲ," ಎಂದಳು ನೋರೀನ್. ಟೀ ಗ್ಲಾಸನ್ನು ಕುಡಿಯದೆ ಹಾಗೇ ಕೆಳಗಿಟ್ಟಳು.

ಸೋಮವಾರ ಬೆಳಿಗ್ಗೆ ಅವಳು ಕಾಲೇಜಿಗೆ ಹೋಗಿ, ಹನ್ನೊಂದು ಕರಾರುಗಳ ಏಳನೆಯ ಪುಟದ ಪ್ರತಿ ತೆಗೆದು, ಫೋನುಗಳಲ್ಲಿ ಏನೇನು ಹೇಳಲು ಕಲಿಸಿದ್ದರೆಂದು ತನ್ನ ದುಂಡು ಅಕ್ಷರದಲ್ಲಿ ಬರೆದು, ರಾಜ್ಯದ ದೂರು ಕಚೇರಿಗೆ ಅಂಚೆಯಲ್ಲಿ ಕಳಿಸಿದಳು. ಕೆಳಗೆ ಪೂರ್ತಿ ಹೆಸರು ಬರೆದಳು. ಲಿಂಡೆಲ್ ಅವಳನ್ನು ಮಧ್ಯಾಹ್ನದೊಳಗೆ ಕಳಿಸಿದ. ದೂರಿಗೆ ಬಹಳ ದಿನ ಉತ್ತರ ಬರಲಿಲ್ಲ. ಬಂದಾಗ, ಪರಿಶೀಲನೆಯಲ್ಲಿದೆ ಎಂದಷ್ಟೇ ಇತ್ತು. ಈಗ ಅವಳು ಸರ್ಕಾರಿ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸುತ್ತಾಳೆ. ವಿಮೆ ಇದೆ, ಮೊದಲಿನಷ್ಟು ಒಳ್ಳೆಯದಲ್ಲ. ಡೆಲ್ಮರ್ ಅದರ ಮಾತೆತ್ತುವುದಿಲ್ಲ.

ಬುಧವಾರದ ಪುಸ್ತಕ ಈಗ ಶೆಲ್ಬಿಯ ಕೈಯಲ್ಲಿದೆ. ನೋರೀನ್ ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ. ಅವಳು ಎದ್ದು ನಿಂತು ತನಗೆಂದು ಏನನ್ನೂ ಕೇಳಿದ್ದಿಲ್ಲ.

ಆ ಟವೆಲ್ ಚರ್ಚಿನದು, ಹಿಂದಿರುಗಿಸಬೇಕಾದದ್ದು. ಅವತ್ತು ಮನೆಮನೆ ಸುತ್ತುವಾಗ ಸೊಂಟದಲ್ಲೇ ಇತ್ತು. ಮೂರನೆಯ ಮನೆಯಲ್ಲಿ ಯಾರೋ ನೋಡಿದ ಮೇಲೇ ಅವಳಿಗೆ ಗೊತ್ತಾದದ್ದು. ಒಗೆದು, ಮಡಿಸಿ, ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟಿದ್ದಾಳೆ. ಮುಂದಿನ ಜೂನ್ ಬಂದು ಹೋಯಿತು. ಪಾದ ತೊಳೆಸಿಕೊಳ್ಳಲು ಡ್ರೆಮಾ ಕೂರಲಿಲ್ಲ. ಅದು ಇನ್ನೂ ಅಲ್ಲೇ ಇದೆ.